ಥೆಲೋನಿಯಸ್ ಮಂಕ್ ನುಡಿಸುತ್ತಿದ್ದದ್ದು ತಪ್ಪು ಸ್ವರವೇ?

ಪ್ರಶ್ನೆ: ನನ್ನ ಮಗಳಿಗೆ ಹದಿನಾರು ವರ್ಷ. ಐದು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ. ಎರಡು ತಿಂಗಳಿಂದ ಅವಳಿಗೆ ಥೆಲೋನಿಯಸ್ ಮಂಕ್ ಎಂಬ ಅಮೆರಿಕದ ಜಾಝ್ ಕಲಾವಿದರ ಹುಚ್ಚು ಹಿಡಿದಿದೆ. ನಾವು ಮನೆಯಲ್ಲಿ ಹಿಂದೂಸ್ತಾನಿ ಕೇಳಿಕೊಂಡು ಬೆಳೆದವರು. ನನ್ನ ಕಿವಿಗೆ ಇವರು ಪಕ್ಕದ ಕೀ ಒತ್ತಿಬಿಟ್ಟು ಹಾಗೇ ಮುಂದೆ ಹೋದಂತೆ ಕೇಳುತ್ತದೆ. ತಾಳ ಒಂದು ಕಡೆ, ಸ್ವರ ಒಂದು ಕಡೆ. ಇವರಿಗೆ ನಿಜವಾಗಿ ನುಡಿಸಲು ಬರುತ್ತಿತ್ತೇ? ಇಷ್ಟು ದೊಡ್ಡ ಹೆಸರು ಹೇಗೆ ಬಂತು? ಇದನ್ನೇ ಕೇಳುತ್ತಾ ಹೋದರೆ ಮಗಳ ಕೈ ಕೆಡುವುದಿಲ್ಲವೇ?

ಉತ್ತರ: ನಿಮ್ಮ ಕಿವಿಯಲ್ಲಿ ಯಾವ ದೋಷವೂ ಇಲ್ಲ. ನೀವು ಕೇಳಿಸಿಕೊಂಡಿದ್ದು ಪಕ್ಕದ ಕೀಯೇ. ಮಂಕ್ ಅದನ್ನು ಬೇಕಂತಲೇ ಒತ್ತುತ್ತಿದ್ದರು. ಯಾಕೆ ಅನ್ನುವುದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದು ಸುಲಭ. ಮಗಳ ಪಿಯಾನೋ ಮುಂದೆ ಒಂದು ನಿಮಿಷ ಕುಳಿತುಕೊಳ್ಳಿ.

ನಡುವಿನ 'ಸಿ' ಕೀಯನ್ನು ಷಡ್ಜ ಅಂದುಕೊಳ್ಳಿ. ಆಗ ಕೋಮಲ ಗಾಂಧಾರ ಒಂದು ಕಪ್ಪು ಕೀ. ಶುದ್ಧ ಗಾಂಧಾರ ಅದಕ್ಕೆ ಅಂಟಿಕೊಂಡಿರುವ ಬಿಳಿ ಕೀ. ಹಾಡುವವರು ಈ ಎರಡರ ಮಧ್ಯೆ ಮೀಂಡ್ ಎಳೆಯುತ್ತಾರೆ. ಸಾರಂಗಿಯಲ್ಲಿ ಬೆರಳು ಜಾರಿಸಿದರೆ ಸಾಕು, ಸಿತಾರ್‌ನಲ್ಲಿ ತಂತಿ ಎಳೆದರೆ ಬರುತ್ತದೆ. ಪಿಯಾನೋದಲ್ಲಿ ಆ ದಾರಿಯೇ ಇಲ್ಲ. ಒತ್ತಿದರೆ ಇದು, ಇಲ್ಲ ಅದು. ಹಾರ್ಮೋನಿಯಂ ಬಗ್ಗೆ ನಮ್ಮಲ್ಲಿ ಎಷ್ಟು ಜಗಳ ನಡೆದಿದೆ, ಆಕಾಶವಾಣಿ ಎಷ್ಟು ವರ್ಷ ಅದನ್ನು ಹೊರಗಿಟ್ಟಿತ್ತು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ತಕರಾರು ಇದೇ ಅಲ್ವಾ?

ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡಿಗೆ ಜೀವ ತುಂಬುವುದು ಈ ಎರಡು ಗಾಂಧಾರಗಳ ನಡುವಿನ ಜಾಗ. ಹಾಡುಗಾರ ಅಲ್ಲಿ ನಿಲ್ಲುತ್ತಾನೆ. ಗಿಟಾರ್ ತಂತಿಯೂ ಅಲ್ಲಿಗೆ ಬಾಗುತ್ತದೆ. ಪಿಯಾನೋ ಮುಂದೆ ಕುಳಿತವರು ಏನು ಮಾಡಬೇಕು? ಮಂಕ್ ಎರಡೂ ಕೀಗಳನ್ನು ಒಟ್ಟಿಗೆ ಒತ್ತುತ್ತಿದ್ದರು. ಮರುಕ್ಷಣ ಒಂದನ್ನು ಬಿಟ್ಟು, ಇನ್ನೊಂದನ್ನು ಹಿಡಿದುಕೊಳ್ಳುತ್ತಿದ್ದರು. ನೀವೂ ಮಾಡಿ ನೋಡಿ. ಬೇಗ ಬಿಡಬೇಕು, ಒಂದು ಚಿಟಿಕೆಯಷ್ಟು ಹೊತ್ತಿನಲ್ಲಿ. ನಾಲ್ಕೈದು ಸಲ ಮಾಡಿದ ಮೇಲೆ ಒಂದು ಸಲ ಸ್ವರ ಬಾಗಿದ ಹಾಗೆ ಕೇಳಿಸುತ್ತದೆ. ಬಾಗದ ವಾದ್ಯದಿಂದ ಬಾಗಿದ ಸ್ವರ ಹೊರಡಿಸುವ ಉಪಾಯ ಅದು. ನೀವು ತಪ್ಪು ಅಂದುಕೊಂಡಿದ್ದರಲ್ಲಿ ಅರ್ಧ ಇದೇ.

ಉಳಿದ ಅರ್ಧ ತಾಳದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನುಡಿಸಲು ಬರುತ್ತಿತ್ತೇ ಎಂದು ನೀವೊಬ್ಬರೇ ಕೇಳಿದ್ದಲ್ಲ. 1947ರಲ್ಲಿ ಬ್ಲೂ ನೋಟ್ ಎಂಬ ಸಣ್ಣ ಕಂಪನಿ ಮಂಕ್ ಅವರ ಹೆಸರಿನಲ್ಲಿ ಮೊದಲ ರೆಕಾರ್ಡ್‌ಗಳನ್ನು ಮಾಡಿತು. ಕಂಪನಿ ನಡೆಸುತ್ತಿದ್ದವರ ಪತ್ನಿ ಲೊರೇನ್ ಆ ರೆಕಾರ್ಡ್‌ಗಳನ್ನು ಹೊತ್ತುಕೊಂಡು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಅಂಗಡಿ ಅಂಗಡಿ ಸುತ್ತಿದರು. ಒಬ್ಬ ಅಂಗಡಿಯವನು ಮುಖಕ್ಕೇ ಹೇಳಿದ: ಇವನಿಗೆ ನುಡಿಸಲು ಬರಲ್ಲ, ಇವನಿಗಿರುವ ಎರಡೂ ಕೈ ಎಡಗೈಯೇ. ಹಾರ್ಲೆಮ್ ಅಂದರೆ ಜಾಝ್ ಬೆಳೆದ ಕೇರಿ. ಅಲ್ಲಿನ ರೆಕಾರ್ಡ್ ಅಂಗಡಿಯವನೇ ಹೀಗಂದ. ಆಗ ಮಂಕ್‌ಗೆ 30 ವರ್ಷ. ಇವತ್ತು ಜಾಝ್ ಕಲಿಯುವ ಪ್ರತಿಯೊಬ್ಬರೂ ನುಡಿಸುವ ಎಷ್ಟೋ ಕೃತಿಗಳನ್ನು ಅಷ್ಟರಲ್ಲೇ ಕಟ್ಟಿಯಾಗಿತ್ತು.

ಈಗ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಮಂಕ್ ಹುಟ್ಟಿದ್ದು 1917ರ ಅಕ್ಟೋಬರ್ 10ರಂದು, ನಾರ್ತ್ ಕ್ಯಾರೊಲೈನಾದ ರಾಕಿ ಮೌಂಟ್ ಎಂಬ ಊರಿನಲ್ಲಿ. 1922ರಲ್ಲಿ ತಾಯಿ ಬಾರ್ಬರಾ ಮೂರು ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕ್‌ಗೆ ಬಂದರು. ದಕ್ಷಿಣದಿಂದ ಲಕ್ಷಾಂತರ ಕಪ್ಪು ಕುಟುಂಬಗಳು ಉತ್ತರದ ಊರುಗಳಿಗೆ ಹೊರಟಿದ್ದ ಕಾಲ ಅದು. ತಂದೆ ಆಮೇಲೆ ಬಂದರು. ಆರೋಗ್ಯ ಕೈಕೊಟ್ಟು ವಾಪಸ್ ಹೋದರು. ತಾಯಿಯೇ ದುಡಿದು ಮಕ್ಕಳನ್ನು ಸಾಕಿದರು. ಮ್ಯಾನ್‌ಹಟನ್‌ನ 63ನೇ ಬೀದಿಯ ಒಂದು ಚಿಕ್ಕ ಬಾಡಿಗೆ ಮನೆ. ಮಂಕ್ ಬೆಳೆದದ್ದು ಅಲ್ಲೇ, ಮದುವೆಯಾಗಿ ಮಕ್ಕಳನ್ನು ಬೆಳೆಸಿದ್ದೂ ಅಲ್ಲೇ. ಮುಂದೆ ಅಲ್ಲಿಗೊಂದು ಗ್ರ್ಯಾಂಡ್ ಪಿಯಾನೋ ಬಂದಾಗ ಜಾಗ ಸಾಲದೆ ಅದರ ಹಿಂಭಾಗ ಅಡುಗೆಮನೆಯೊಳಗೆ ಚಾಚಿಕೊಂಡಿರುತ್ತಿತ್ತು.

ಮನೆಯಲ್ಲಿ ಪಿಯಾನೋ ಪಾಠ ಇದ್ದದ್ದು ಅಕ್ಕ ಮೇರಿಯನ್‌ಗೆ. ಹುಡುಗ ಪಕ್ಕದಲ್ಲಿ ನಿಂತು ನೋಡಿ ಕಲಿತ. ನಂತರ ಸೈಮನ್ ವುಲ್ಫ್ ಎಂಬ ಮೇಷ್ಟ್ರು ಅವನಿಗೆ ಪಾಶ್ಚಾತ್ಯ ಶಾಸ್ತ್ರೀಯ ಪಾಠ ಹೇಳಿದರು. ಶೋಪ್ಯಾನ್, ರಾಖ್ಮನಿನೊವ್ ಎಲ್ಲ ನುಡಿಸಿದ್ದ. ಅದೇ ಬೀದಿಗಳಲ್ಲಿ ಸ್ಟ್ರೈಡ್ ಎಂಬ ಶೈಲಿಯ ಪಿಯಾನೋ ಕೇಳಿಬರುತ್ತಿತ್ತು. ಎಡಗೈ ಕೆಳಗಿನ ಒಂದು ದಪ್ಪ ಸ್ವರಕ್ಕೆ ಹಾರುತ್ತದೆ, ತಕ್ಷಣ ಮೇಲಿನ ಸ್ವರಗೊಂಚಲಿಗೆ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ, ಕಾರ್ಡ್ ಅನ್ನುತ್ತಾರೆ) ಹಾರುತ್ತದೆ, ಮತ್ತೆ ಕೆಳಗೆ. ಕಣ್ಣು ಮುಚ್ಚಿ ಮಾಡಬೇಕು, ಒಂದು ಕೀ ಆಚೀಚೆ ಆಗಬಾರದು. ಈ ಶೈಲಿಯ ದೊಡ್ಡ ಮೇಷ್ಟ್ರು ಜೇಮ್ಸ್ ಪಿ. ಜಾನ್ಸನ್. ಅವರೂ ಒಂದು ಕಾಲಕ್ಕೆ ಅದೇ ಕೇರಿಯವರು. ಮಂಕ್ ಅವರ ಎಡಗೈ ತಯಾರಾದದ್ದು ಈ ಗರಡಿಯಲ್ಲಿ.

ಹದಿಹರೆಯದಲ್ಲಿ ಶಾಲೆ ಬಿಟ್ಟು, ಒಬ್ಬ ಪ್ರವಚನಕಾರ್ತಿಯ ತಂಡದ ಜೊತೆ ಸುಮಾರು ಎರಡು ವರ್ಷ ಊರೂರು ತಿರುಗಿದರು. ಆಕೆ ಪ್ರಾರ್ಥನೆ ಮಾಡಿಸುವಾಗ ಇವರ ವಾದ್ಯ. ಕಲಾವಿದರ ಬದುಕಿನಲ್ಲಿ ಇಂಥ ವರ್ಷಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗಂತೂ ಅದು ಮುಖ್ಯ ಅನ್ನಿಸುತ್ತದೆ. ಭಜನೆ ಮನೆಯಲ್ಲಿ ಹಾರ್ಮೋನಿಯಂ ಹಿಡಿದವರನ್ನು ನೋಡಿ. ಹಾಡುವವರು ಯಾವಾಗ ಎಳೆಯುತ್ತಾರೆ, ಜನ ಯಾವಾಗ ಕೂಗುತ್ತಾರೆ ಅಂತ ಕಾದು ನುಡಿಸುತ್ತಾರೆ. ಕಾಯುವುದನ್ನು ಮಂಕ್ ಕಲಿತದ್ದು ಅಲ್ಲಿಯೇ ಇರಬೇಕು.

1941ರ ಹೊತ್ತಿಗೆ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿನಲ್ಲಿ ಕಾಯಂ ಪಿಯಾನೋ ವಾದಕರಾದರು. ಡ್ರಮ್ ವಾದಕ ಕೆನ್ನಿ ಕ್ಲಾರ್ಕ್ ಜೊತೆಗಾರ. ದೊಡ್ಡ ಬ್ಯಾಂಡುಗಳಲ್ಲಿ ಕೆಲಸ ಮುಗಿಸಿದವರು ರಾತ್ರಿ ತಡವಾಗಿ ಇಲ್ಲಿಗೆ ಬರುತ್ತಿದ್ದರು. ಟ್ರಂಪೆಟ್‌ನ ಡಿಝಿ ಗಿಲೆಸ್ಪಿ, ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್, ಗಿಟಾರ್‌ನ ಚಾರ್ಲಿ ಕ್ರಿಶ್ಚಿಯನ್. ಹಳೆಯ ಹಾಡುಗಳ ಒಳಗೆ ಹೊಸ ಸ್ವರಗೊಂಚಲು ಸೇರಿಸುವುದು, ವೇಗ ಏರಿಸುವುದು, ಬೆಳಗಿನವರೆಗೂ ಇದೇ. ಮುಂದೆ ಬೀಬಾಪ್ ಅಂತ ಹೆಸರು ಪಡೆದ ಸಂಗೀತ ಹುಟ್ಟಿದ ಜಾಗಗಳಲ್ಲಿ ಇದೂ ಒಂದು. ಪಾರ್ಕರ್, ಗಿಲೆಸ್ಪಿ ಇಬ್ಬರೂ ಬೇಗ ಹೆಸರು ಮಾಡಿದರು. ಅವರು ಹೊಸದಾಗಿ ಬಳಸುತ್ತಿದ್ದ ಗೊಂಚಲುಗಳಲ್ಲಿ ಎಷ್ಟೋ ಮಂಕ್ ಕೊಟ್ಟವು. ಮಂಕ್ ಮಾತ್ರ ಹಿಂದೆಯೇ ಉಳಿದರು. ಕಾರಣ ಇದೆ. ಬೀಬಾಪ್ ಅಂದರೆ ಮಿಂಚಿನ ವೇಗ. ಇವರು ನಿಧಾನ. ಎಲ್ಲರೂ ಹತ್ತು ಸ್ವರ ಹಾಕುವ ಜಾಗದಲ್ಲಿ ಇವರು ಎರಡು ಹಾಕಿ ಸುಮ್ನಿರುತ್ತಿದ್ದರು.

'ರೌಂಡ್ ಮಿಡ್‌ನೈಟ್' ಅನ್ನುವ ಕೃತಿಯ ಕಥೆ ಕೇಳಿ. ನಿಮ್ಮ ಮಗಳು ಖಂಡಿತ ಹಾಕಿರುತ್ತಾಳೆ. ಜಾಝ್ ಕಲಾವಿದರು ಬರೆದ ಕೃತಿಗಳಲ್ಲಿ ಇಷ್ಟು ಸಲ ಧ್ವನಿಮುದ್ರಣಗೊಂಡದ್ದು ಬಹಳ ಕಡಿಮೆ. 1944ರಲ್ಲಿ ಬ್ಯಾಂಡ್ ಮುಖ್ಯಸ್ಥ ಕೂಟಿ ವಿಲಿಯಮ್ಸ್ ಅದನ್ನು ಮೊದಲು ರೆಕಾರ್ಡ್ ಮಾಡಿದಾಗ ರಚನೆಯಲ್ಲಿ ಅವರ ಹೆಸರೂ ಸೇರಿತು. ಮುಂದೆ ಸಾಹಿತ್ಯ ಬರೆದವರದ್ದೂ ಸೇರಿತು. ಹಾಗಾಗಿ ಮಂಕ್‌ಗೆ ಬರಬೇಕಾದ ಗೌರವಧನ ಮೂರು ಪಾಲಾಯಿತು. 1955ರ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಇದೇ ಕೃತಿ ನುಡಿಸಿ ಜನರನ್ನು ಮರುಳು ಮಾಡಿದರು. ಅದರ ಬೆನ್ನಿಗೇ ಕೊಲಂಬಿಯಾ ಎಂಬ ದೊಡ್ಡ ಕಂಪನಿ ಮೈಲ್ಸ್ ಅವರನ್ನು ಸೇರಿಸಿಕೊಂಡಿತು. ಅವತ್ತು ವೇದಿಕೆಯಲ್ಲಿ ಪಿಯಾನೋ ಮುಂದೆ ಕುಳಿತಿದ್ದವರು ಮಂಕ್. ಅದೇ ಕಂಪನಿ ಮಂಕ್ ಅವರನ್ನು ಕರೆಯಲು ಇನ್ನೂ ಏಳು ವರ್ಷ ಬೇಕಾಯಿತು.

ಈ ಮಧ್ಯೆ ಆದದ್ದು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. 1951ರ ಆಗಸ್ಟ್‌ನಲ್ಲಿ ಮಂಕ್ ಮತ್ತು ಗೆಳೆಯ ಬಡ್ ಪವೆಲ್ ಒಂದು ಕಾರಿನಲ್ಲಿ ಕುಳಿತಿದ್ದರು. ಪೊಲೀಸರು ಬಂದರು, ಮಾದಕ ವಸ್ತು ಸಿಕ್ಕಿತು. ಬಡ್ ಪವೆಲ್ ಆ ಕಾಲದ ಬೀಬಾಪ್ ಪಿಯಾನೋದ ರಾಜ, ಮನಸ್ಸಿನ ಆರೋಗ್ಯ ಮೊದಲೇ ಕೆಟ್ಟಿತ್ತು. ಅವರ ವಿರುದ್ಧ ಮಂಕ್ ಒಂದು ಮಾತೂ ಆಡಲಿಲ್ಲ. ತಾವು 60 ದಿನ ಜೈಲಿನಲ್ಲಿ ಕಳೆದರು. ಜೈಲಿಗಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ನ್ಯೂಯಾರ್ಕ್‌ನಲ್ಲಿ ಆಗ ಮದ್ಯ ಮಾರುವ ಕ್ಲಬ್ಬಿನಲ್ಲಿ ನುಡಿಸಬೇಕಾದರೆ ಪೊಲೀಸರಿಗೆ ಬೆರಳಚ್ಚು ಕೊಟ್ಟು ಒಂದು ಪರವಾನಗಿ ಪಡೆಯಬೇಕಿತ್ತು. ಕ್ಯಾಬರೆ ಕಾರ್ಡ್ ಅನ್ನುತ್ತಿದ್ದರು. ಅದನ್ನು ಕಿತ್ತುಕೊಂಡರು. ಜಾಝ್ ನಡೆಯುತ್ತಿದ್ದದ್ದೇ ಅಂಥ ಕ್ಲಬ್ಬುಗಳಲ್ಲಿ. ಸುಮಾರು ಆರು ವರ್ಷ ತಮ್ಮ ಊರಿನ ಕ್ಲಬ್ಬುಗಳಲ್ಲಿ ಅವರು ಕುಳಿತು ನುಡಿಸುವ ಹಾಗಿರಲಿಲ್ಲ.

ಆ ವರ್ಷಗಳಲ್ಲಿ ಮನೆ ನಡೆದದ್ದು ಪತ್ನಿ ನೆಲ್ಲಿ ಅವರಿಂದ. ಚಿಕ್ಕ ಮಕ್ಕಳಿಬ್ಬರು. ನೆಲ್ಲಿ ಹೊಲಿಗೆ ಕೆಲಸ ಮಾಡಿದರು, ಸಿಕ್ಕ ಬೇರೆ ಕೆಲಸವನ್ನೂ ಮಾಡಿದರು. ಮಂಕ್ ಮನೆಯಲ್ಲಿ ಕುಳಿತು ಪಿಯಾನೋ ನುಡಿಸಿದರು, ಕೃತಿ ಕಟ್ಟಿದರು. ಹೊರಗೆ ಅಲ್ಲೊಂದು ಇಲ್ಲೊಂದು ಕಾರ್ಯಕ್ರಮ. ತಮ್ಮ ಶೈಲಿಯನ್ನು ಸ್ವಲ್ಪ ಬದಲಿಸಿ, ಜನಕ್ಕೆ ಹಿಡಿಸುವ ಹಾಗೆ ನುಡಿಸಿ ನಾಲ್ಕು ಕಾಸು ಸಂಪಾದಿಸಬಹುದಿತ್ತು. ಕೈಯಲ್ಲಿ ಆ ಶಕ್ತಿ ಇತ್ತು. ಮಾಡಲಿಲ್ಲ. ಮನೆಯಲ್ಲಿ ನೆಲ್ಲಿಯೂ ಹಾಗೆ ಮಾಡು ಅನ್ನಲಿಲ್ಲ. ಮಂಕ್ ಸಂಗೀತದಲ್ಲಿ ಅರ್ಧ ಪಾಲು ಈ ಹೆಂಗಸಿನದ್ದು ಅಂತ ನಾನು ನಂಬಿದ್ದೇನೆ. 1957ರಲ್ಲಿ ನೆಲ್ಲಿ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ ಮಂಕ್ ಒಂದು ಕೃತಿ ಬರೆದರು, 'ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ'. ಸಂಜೆಗತ್ತಲಲ್ಲಿ ನೆಲ್ಲಿ ಜೊತೆ, ಅಂತ ಅರ್ಥ. ಜಾಝ್ ಅಂದರೆ ಮನೋಧರ್ಮ. ಆದರೆ ಇದರಲ್ಲಿ ಯಾರಿಗೂ ಮನೋಧರ್ಮಕ್ಕೆ ಜಾಗ ಇಲ್ಲ. ಬರೆದದ್ದು ಬರೆದ ಹಾಗೆ, ಪ್ರತಿ ಸಲವೂ.

1955ರಲ್ಲಿ ಪ್ರೆಸ್ಟೀಜ್ ಎಂಬ ಕಂಪನಿಗೆ ಮಂಕ್ ಮುಂಗಡದ ಬಾಕಿ ಕೊಡಬೇಕಿತ್ತು. 108 ಡಾಲರ್ 27 ಸೆಂಟ್. ರಿವರ್‌ಸೈಡ್ ಎಂಬ ಇನ್ನೊಂದು ಸಣ್ಣ ಕಂಪನಿ ಅಷ್ಟು ಕಟ್ಟಿ ಅವರನ್ನು ಬಿಡಿಸಿಕೊಂಡಿತು. ಅಷ್ಟೇ ಬೆಲೆ! ಇವರ ಕೃತಿಗಳು ಕಷ್ಟ ಅಂತ ಜನ ಹೆದರುತ್ತಾರೆಂದು, ಮೊದಲ ರೆಕಾರ್ಡ್‌ನಲ್ಲಿ ಹಿರಿಯ ಜಾಝ್ ರಚನಕಾರ ಡ್ಯೂಕ್ ಎಲಿಂಗ್ಟನ್ ಅವರ ಕೃತಿಗಳನ್ನು ನುಡಿಸಿದರು. ಎರಡನೆಯದರಲ್ಲಿ ಎಲ್ಲರಿಗೂ ಗೊತ್ತಿರುವ ಹಾಡುಗಳು. ಮೂರನೆಯದರಲ್ಲಿ ಮಂಕ್ ಮಂಕ್ ಆಗಿಯೇ ಬಂದರು. 1956ರ ಕೊನೆಯಲ್ಲಿ ಮುದ್ರಿಸಿದ 'ಬ್ರಿಲಿಯಂಟ್ ಕಾರ್ನರ್ಸ್'. ಶೀರ್ಷಿಕೆಯ ಕೃತಿ ಎಷ್ಟು ಕಠಿಣ ಅಂದರೆ ಸ್ಯಾಕ್ಸೊಫೋನ್‌ನ ಸೋನಿ ರೋಲಿನ್ಸ್, ಡ್ರಮ್‌ನ ಮ್ಯಾಕ್ಸ್ ರೋಚ್ ಅಂಥವರು ಸೇರಿ 25 ಸಲ ಪ್ರಯತ್ನಿಸಿದರೂ ಒಂದು ಸಲವೂ ಪೂರ್ತಿಯಾಗಲಿಲ್ಲ. ಕೊನೆಗೆ ಟೇಪ್ ಕತ್ತರಿಸಿ, ತುಂಡು ಜೋಡಿಸಿ ಬಿಡುಗಡೆ ಮಾಡಿದರು. ಒಂದು ಸುತ್ತು ನಿಧಾನ ಲಯದಲ್ಲಿ, ಮುಂದಿನ ಸುತ್ತು ನೇರ ದುಗುನ್. ಕೇಳಿ ನೋಡಿ, ನಿಮಗೆ ಇದು ಸಟಕ್ಕನೆ ಹಿಡಿಸೀತು. ದುಗುನ್‌ಗೆ ಜಿಗಿಯುವ ಆ ಖುಷಿ ನಿಮಗೆ ಗೊತ್ತಿರುವಂಥದ್ದೇ.

1957ರಲ್ಲಿ ಪರವಾನಗಿ ವಾಪಸ್ ಬಂತು. ಜುಲೈನಿಂದ ಡಿಸೆಂಬರ್‌ವರೆಗೆ ಫೈವ್ ಸ್ಪಾಟ್ ಎಂಬ ಚಿಕ್ಕ ಬಾರಿನಲ್ಲಿ ನುಡಿಸಿದರು. ಚಿತ್ರಕಾರರು, ಬರಹಗಾರರು ಬಿಯರ್ ಕುಡಿಯಲು ಬರುವ ಜಾಗ. ಜೊತೆಗೆ ಸ್ಯಾಕ್ಸೊಫೋನ್ ಹಿಡಿದು ನಿಂತಿದ್ದವರು ಜಾನ್ ಕೋಲ್ಟ್ರೇನ್. ಕೋಲ್ಟ್ರೇನ್ ಆಗಷ್ಟೇ ಮೈಲ್ಸ್ ತಂಡದಿಂದ ಹೊರಬಿದ್ದು, ಹೆರಾಯಿನ್ ಚಟ ಬಿಟ್ಟು ಎದ್ದಿದ್ದರು. ಅವರು ಮಂಕ್ ಮನೆಗೆ ಹೋಗಿ ಮಲಗಿದ್ದವರನ್ನು ಎಬ್ಬಿಸುತ್ತಿದ್ದರಂತೆ. ಮಂಕ್ ಎದ್ದು ನೇರ ಪಿಯಾನೋಗೆ ಹೋಗಿ ಒಂದು ಕೃತಿ ಶುರು ಮಾಡುತ್ತಿದ್ದರು. ಕೋಲ್ಟ್ರೇನ್ ಅದನ್ನು ಸ್ಯಾಕ್ಸೊಫೋನಿನಲ್ಲಿ ಹುಡುಕಬೇಕು. ಸಿಗದಿದ್ದಾಗ ಮಂಕ್ ಮತ್ತೆ ನುಡಿಸಿ ತೋರಿಸುವರು. ಬರೆದ ಹಾಳೆ ತೋರಿಸಲು ಅವಸರ ಇಲ್ಲ, ಮೊದಲು ಕಿವಿಗೆ ಬರಬೇಕು. ನಮ್ಮ ಗುರುಗಳ ಮನೆಯ ಪಾಠದ ಹಾಗೆಯೇ ಅಲ್ವಾ? ಮಂಕ್ ಅವರನ್ನು ಕೋಲ್ಟ್ರೇನ್ ಸಂಗೀತದ ವಾಸ್ತುಶಿಲ್ಪಿ ಅಂತ ಕರೆದರು.

ಫೈವ್ ಸ್ಪಾಟ್‌ನಲ್ಲಿ ಕೋಲ್ಟ್ರೇನ್ ನುಡಿಸುವಾಗ ಮಂಕ್ ಎಷ್ಟೋ ಸಲ ಪಿಯಾನೋ ಬಿಟ್ಟು ಎದ್ದುಬಿಡುತ್ತಿದ್ದರು. ಪಕ್ಕದಲ್ಲಿ ನಿಂತು ಮೆಲ್ಲಗೆ ಗಿರಕಿ ಹೊಡೆಯುತ್ತಾ ಕುಣಿಯುತ್ತಿದ್ದರು. ಅದನ್ನು ಹುಚ್ಚಾಟ ಅಂತ ಪತ್ರಿಕೆಗಳು ಬರೆದವು. ನಿಜವಾಗಿ ಅವರು ತಂಡದ ಲಯ ಸರಿಯಾಗಿ ಕೂತಿದೆಯಾ ಅಂತ ಮೈಯಲ್ಲೇ ನೋಡುತ್ತಿದ್ದರು. ಸ್ಯಾಕ್ಸೊಫೋನ್ ಮುಗಿಯುವ ಹೊತ್ತಿಗೆ ಓಡಿ ಬಂದು ತಮ್ಮ ಜಾಗದಲ್ಲಿ ಸರಿಯಾಗಿ ಕೀ ಒತ್ತುತ್ತಿದ್ದರು. ಈ ಜೋಡಿಯ ಒಳ್ಳೆಯ ಮುದ್ರಣ ಹೆಚ್ಚು ಇಲ್ಲವಲ್ಲ ಅಂತ ಕೇಳುಗರು ಬಹಳ ಕಾಲ ಕೊರಗಿದ್ದರು. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಟೇಪ್ ಸಿಕ್ಕಿತು. 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಈ ತಂಡ ನುಡಿಸಿದ್ದು. ಸುಮಾರು 48 ವರ್ಷ ಅದು ಕಪಾಟಿನಲ್ಲಿ ಕುಳಿತಿತ್ತು. ನೀವು ಒಂದೇ ರೆಕಾರ್ಡ್ ಕೇಳುವುದಾದರೆ ಇದನ್ನು ಕೇಳಿ. ಅದರಲ್ಲಿ ಪಿಯಾನೋ ಎಷ್ಟು ಸ್ಪಷ್ಟ, ಎಷ್ಟು ಚುರುಕು! ನುಡಿಸಲು ಬರುತ್ತಿತ್ತೇ ಅನ್ನುವ ಪ್ರಶ್ನೆ ಮತ್ತೆ ಏಳುವುದಿಲ್ಲ.

ಈಗ ತಾಳದ ಮಾತು. 'ಸ್ಟ್ರೇಟ್, ನೋ ಚೇಸರ್' ಅನ್ನುವ ಕೃತಿ ತೆಗೆದುಕೊಳ್ಳಿ. ಬ್ಲೂಸ್‌ನ ಚೌಕಟ್ಟು: ನಾಲ್ಕು ಮಾತ್ರೆಯ ಹನ್ನೆರಡು ಆವರ್ತ. ಅದರೊಳಗೆ ಇರುವುದು ಒಂದೇ ಒಂದು ಪುಟ್ಟ ಸ್ವರಪುಂಜ. ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಒಂದು ಸಲ ಒಂದು ಮಾತ್ರೆಯಿಂದ ಎತ್ತಿಕೊಳ್ಳುತ್ತಾರೆ, ಮುಂದಿನ ಸಲ ಬೇರೆ ಜಾಗದಿಂದ. ಒಮ್ಮೆ ಬಾಲ ಉದ್ದ, ಒಮ್ಮೆ ಮೊಟಕು. ಸ್ವರ ಅದೇ. ಆದರೆ ಒತ್ತು ಬೀಳುವ ಜಾಗ ಬದಲಾಗಿ ಮಾತೇ ಬೇರೆಯಾದ ಹಾಗೆ ಕೇಳುತ್ತದೆ. ಖಯಾಲ್‌ನಲ್ಲಿ ಒಂದೇ ಮುಖಡಾವನ್ನು ಬೇರೆ ಬೇರೆ ಮಾತ್ರೆಯಿಂದ ಎತ್ತಿ ಸಮಕ್ಕೆ ತರುವುದನ್ನು ನೀವು ನೂರು ಸಲ ಕೇಳಿ ತಲೆದೂಗಿದ್ದೀರಿ. ಇಲ್ಲಿ ಸಮ ತೋರಿಸುವ ತಬಲಾ ಇಲ್ಲ, ಅದಕ್ಕೇ ದಾರಿ ತಪ್ಪಿದ ಹಾಗೆ ಅನ್ನಿಸುತ್ತಿದೆ. ಬಾಸ್ ಎಂಬ ದಪ್ಪ ದನಿಯ ತಂತಿವಾದ್ಯ ನುಡಿಸುವವನ ಮೇಲೆ ಕಿವಿ ಇಡಿ. ಅವನು ಪ್ರತಿ ಮಾತ್ರೆಗೆ ಒಂದರಂತೆ ನಡೆಯುತ್ತಿರುತ್ತಾನೆ. ಅವನನ್ನು ಹಿಡಿದುಕೊಂಡು ಕೇಳಿದರೆ ಮಂಕ್ ಎಲ್ಲಿ ನಿಂತಿದ್ದಾರೆ ಅಂತ ಕಾಣುತ್ತದೆ.

ಮೌನವೂ ಅಷ್ಟೇ. 1960ರಲ್ಲಿ ಕೆಲವು ತಿಂಗಳು ಅವರ ತಂಡದಲ್ಲಿದ್ದ ಸ್ಯಾಕ್ಸೊಫೋನ್ ವಾದಕ ಸ್ಟೀವ್ ಲೇಸಿ, ಮಂಕ್ ಹೇಳಿದ ಮಾತುಗಳನ್ನು ಬರೆದಿಟ್ಟುಕೊಂಡಿದ್ದರು. ಎಲ್ಲವನ್ನೂ ನುಡಿಸಬೇಡ, ಕೆಲವನ್ನು ಹೋಗಲು ಬಿಡು ಅನ್ನುವುದು ಅದರಲ್ಲೊಂದು. ಡ್ರಮ್ ನಿನ್ನದಲ್ಲ ಅಂದಮಾತ್ರಕ್ಕೆ ಲಯ ಹಿಡಿಯುವ ಹೊಣೆ ನಿನಗಿಲ್ಲ ಅಂದುಕೊಳ್ಳಬೇಡ ಅನ್ನುವುದು ಇನ್ನೊಂದು. ಪಿಯಾನೋ ವಿದ್ಯಾರ್ಥಿಗೆ ಎರಡನೆಯದು ಚಿನ್ನದಂಥ ಮಾತು. ಪಾಠ ಹೇಳುವಾಗ ನಾನು ಅದನ್ನು ತಿಂಗಳಿಗೆ ಒಂದು ಸಲವಾದರೂ ಹೇಳುತ್ತೇನೆ.

ಹೆಸರು ಬಂದ ಮೇಲೂ ಕಷ್ಟ ಬಿಡಲಿಲ್ಲ. 1958ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ಗೆ ಕಾರ್ಯಕ್ರಮಕ್ಕೆ ಹೋಗುವಾಗ ಡೆಲವೇರ್‌ನ ಒಂದು ಮೋಟೆಲ್ ಹತ್ತಿರ ನೀರು ಕುಡಿಯಲು ಇಳಿದರು. ಜೊತೆಗಿದ್ದವರು ಸ್ಯಾಕ್ಸೊಫೋನ್‌ನ ಚಾರ್ಲಿ ರೌಸ್, ಮತ್ತೆ ಕಾರಿನ ಒಡತಿ ನಿಕಾ. ನಿಕಾ ಅಂದರೆ ಯುರೋಪಿನ ಶ್ರೀಮಂತ ಬ್ಯಾಂಕ್ ಒಡೆಯರಾದ ರಾತ್ಸ್‌ಚೈಲ್ಡ್ ಮನೆತನದಲ್ಲಿ ಹುಟ್ಟಿದ ಪನೋನಿಕಾ. 1954ರಲ್ಲಿ ಪ್ಯಾರಿಸ್‌ನಲ್ಲಿ ಮಂಕ್ ಅವರನ್ನು ಭೇಟಿಯಾದ ಮೇಲೆ ಕೊನೆಯವರೆಗೂ ಅವರ ಬೆನ್ನಿಗೆ ನಿಂತ ಗೆಳತಿ. ಎತ್ತರದ ಕಪ್ಪು ಮನುಷ್ಯ, ಬಿಳಿ ಹೆಂಗಸು, ದುಬಾರಿ ಕಾರು. ಪೊಲೀಸರು ಬಂದರು. ಪ್ರಶ್ನೆಗೆ ಮಂಕ್ ಉತ್ತರ ಕೊಡಲಿಲ್ಲ. ಲಾಠಿಯಿಂದ ಹೊಡೆದರು. ಅವರ ಕೈಗಳ ಮೇಲೆ ಹೊಡೆದರು. ಪರವಾನಗಿ ಮತ್ತೆ ಹೋಯಿತು. ಆ ಪರವಾನಗಿ ಪದ್ಧತಿಯನ್ನು ನ್ಯೂಯಾರ್ಕ್ ರದ್ದು ಮಾಡಿದ್ದು 1967ರಲ್ಲಿ.

ಆದರೂ 1960ರ ದಶಕದ ಮೊದಲ ಭಾಗ ಮಂಕ್‌ಗೆ ಒಳ್ಳೆಯದಾಗಿತ್ತು. 1962ರಲ್ಲಿ ಕೊಲಂಬಿಯಾ ಕರೆಯಿತು. ಚಾರ್ಲಿ ರೌಸ್ ಸುಮಾರು ಹನ್ನೊಂದು ವರ್ಷ ಜೊತೆಗಿದ್ದರು. ಮಂಕ್ ಹೆಸರು ಬಂದಾಗಲೆಲ್ಲ ಕೋಲ್ಟ್ರೇನ್ ಅಂತಾರೆ. ಆರು ತಿಂಗಳಿನ ಜೊತೆಗಾರನ ಬಗ್ಗೆ ಇಷ್ಟು ಮಾತು, ಹನ್ನೊಂದು ವರ್ಷದವನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ರೌಸ್ ಮಂಕ್ ಅವರ ವಾಕ್ಯವನ್ನು ಅರ್ಧದಲ್ಲಿ ಎತ್ತಿಕೊಂಡು ಮುಗಿಸಬಲ್ಲವರಾಗಿದ್ದರು. ಯುರೋಪ್, ಜಪಾನ್ ಸುತ್ತಾಟ, ದೊಡ್ಡ ಸಭಾಂಗಣಗಳು. 1964ರ ಫೆಬ್ರವರಿ 28ರ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಮಂಕ್ ಚಿತ್ರ ಬಂತು. ಅದು ಹಿಂದಿನ ನವೆಂಬರ್‌ನಲ್ಲೇ ಬರಬೇಕಿತ್ತು, ಅಧ್ಯಕ್ಷ ಕೆನೆಡಿ ಕೊಲೆಯಾದ್ದರಿಂದ ಮುಂದಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಆ ಮುಖಪುಟದ ಮೇಲೆ ಬಂದಿದ್ದ ಜಾಝ್ ಕಲಾವಿದರು ಆರ್ಮ್‌ಸ್ಟ್ರಾಂಗ್, ಬ್ರೂಬೆಕ್, ಎಲಿಂಗ್ಟನ್ ಅಷ್ಟೇ.

ಅಲ್ಲಿಂದ ಇಳಿಜಾರು. ರಾಕ್ ಸಂಗೀತ ಬಂತು, ಜಾಝ್ ರೆಕಾರ್ಡ್ ಮಾರಾಟ ಕುಸಿಯಿತು. ಮನಸ್ಸಿನ ಕಾಯಿಲೆಯೂ ಜಾಸ್ತಿಯಾಯಿತು. ದಿನಗಟ್ಟಲೆ ನಿದ್ದೆ ಇಲ್ಲದೆ ನಡೆದಾಡುವುದು, ಆಮೇಲೆ ಮಾತೇ ನಿಂತುಹೋಗುವುದು. ಬೈಪೋಲಾರ್ ಕಾಯಿಲೆ ಇದ್ದಿರಬೇಕು ಅಂತ ಅವರ ಬದುಕನ್ನು ಆಳವಾಗಿ ಅಭ್ಯಾಸ ಮಾಡಿದವರು ಹೇಳುತ್ತಾರೆ. ಆಗ ಸರಿಯಾದ ಔಷಧ ಸಿಗಲಿಲ್ಲ. ಜನ ಅದನ್ನೆಲ್ಲ ವಿಚಿತ್ರ ಸ್ವಭಾವ, ಪ್ರತಿಭೆಯ ಲಕ್ಷಣ ಅಂತ ಕಥೆ ಕಟ್ಟಿದರು. ದಯವಿಟ್ಟು ನಿಮ್ಮ ಮಗಳಿಗೆ ಇದನ್ನು ಬಿಡಿಸಿ ಹೇಳಿ. ಕಾಯಿಲೆ ಕಾಯಿಲೆಯೇ. ಸಂಗೀತ ಬಂದದ್ದು ಅದರಿಂದಲ್ಲ, ಅಡುಗೆಮನೆಗೆ ಚಾಚಿದ ಆ ಪಿಯಾನೋ ಮುಂದೆ ಗಂಟೆಗಟ್ಟಲೆ ಕುಳಿತದ್ದರಿಂದ.

1976ರ ನಂತರ ಅವರು ಜನರ ಮುಂದೆ ನುಡಿಸಲಿಲ್ಲ. ಹಡ್ಸನ್ ನದಿಯ ಆಚೆ ದಡದಲ್ಲಿ, ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ನಿಕಾ ಅವರ ಮನೆ. ಕಿಟಕಿಯಿಂದ ಇಡೀ ಮ್ಯಾನ್‌ಹಟನ್ ಕಾಣುತ್ತದೆ. ಕೊನೆಯ ವರ್ಷಗಳನ್ನು ಅಲ್ಲೇ ಒಂದು ಕೋಣೆಯಲ್ಲಿ ಕಳೆದರು. ಪಿಯಾನೋ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಮುಟ್ಟುತ್ತಿದ್ದದ್ದು ತೀರಾ ಅಪರೂಪ. ಅದೇ ಮನೆಯಲ್ಲಿ ವಾಸವಿದ್ದ ಬ್ಯಾರಿ ಹ್ಯಾರಿಸ್ ಎಂಬ ಪಿಯಾನೋ ವಾದಕರ ಅಭ್ಯಾಸ ಕಿವಿಗೆ ಬೀಳುತ್ತಿತ್ತು. 1982ರ ಫೆಬ್ರವರಿ 17ರಂದು, ಮೆದುಳಿನ ಆಘಾತದಿಂದ (ಸ್ಟ್ರೋಕ್) ತೀರಿಕೊಂಡರು. 64 ವರ್ಷ. ಬರೆದ ಕೃತಿಗಳು 70ರ ಆಸುಪಾಸು. ಸಾವಿರಕ್ಕೂ ಹೆಚ್ಚು ಬರೆದ ಎಲಿಂಗ್ಟನ್ ಬಿಟ್ಟರೆ ಜಾಝ್ ಲೋಕದಲ್ಲಿ ಅತಿ ಹೆಚ್ಚು ಸಲ ಬೇರೆಯವರು ರೆಕಾರ್ಡ್ ಮಾಡಿರುವುದು ಈ 70 ಕೃತಿಗಳನ್ನೇ. 2006ರಲ್ಲಿ ಪುಲಿಟ್ಜರ್ ಸಮಿತಿ ಮರಣೋತ್ತರವಾಗಿ ವಿಶೇಷ ಗೌರವ ಕೊಟ್ಟಿತು. ಅವರ ಮನೆಯಿದ್ದ 63ನೇ ಬೀದಿಯ ಆ ಭಾಗಕ್ಕೆ ಈಗ ಅವರ ಹೆಸರಿದೆ.

ಕೊನೆಗೆ ಮಗಳ ಕೈ. ಕೆಡುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಮಂಕ್ ಬೆರಳುಗಳನ್ನು ಚಪ್ಪಟೆಯಾಗಿ ಚಾಚಿ ನುಡಿಸುತ್ತಿದ್ದರು, ದೊಡ್ಡ ಉಂಗುರ ಹಾಕಿಕೊಂಡು. ಅವರ ಹಳೆಯ ವಿಡಿಯೊ ನೋಡಿ ಆ ಬೆರಳಿನ ಭಂಗಿಯನ್ನು ನಕಲು ಮಾಡುವುದು ಬೇಡ. ಗಟ್ಟಿ ಒತ್ತುವಾಗ ಮಣಿಕಟ್ಟು ನೋಯುತ್ತದೆ. ಮೇಷ್ಟ್ರು ಹೇಳಿಕೊಟ್ಟ ಕೈಯಲ್ಲೇ ಮಂಕ್ ನುಡಿಸಲಿ. ಸ್ಕೇಲ್ ಅಭ್ಯಾಸ ಬಿಡದಿರಲಿ. ಅದರ ಜೊತೆಗೆ ಸ್ಟ್ರೈಡ್ ಎಡಗೈಯನ್ನು ನಿಧಾನವಾಗಿ, ದಿನಕ್ಕೆ ಹತ್ತು ನಿಮಿಷ ಮಾಡಲಿ. ಒಂಟಿಯಾಗಿ ನುಡಿಸಿದ 'ಸೋಲೋ ಮಂಕ್' ರೆಕಾರ್ಡ್‌ನಲ್ಲಿ ಆ ಎಡಗೈ ಚೆನ್ನಾಗಿ ಕೇಳುತ್ತದೆ. ನನಗೂ ಮಂಕ್ ಮೊದಲಿಗೆ ಹಿಡಿಸಿರಲಿಲ್ಲ. ಒಂದು ವರ್ಷವಾದರೂ ಆಗಿರಬೇಕು. ಈ ರೆಕಾರ್ಡ್ ಕೇಳಿದ ಮೇಲೆ ಉಳಿದದ್ದೆಲ್ಲ ತೆರೆದುಕೊಂಡಿತು.

ನುಡಿಸಲು ಶುರು ಮಾಡುವುದಾದರೆ 'ಬ್ಲೂ ಮಂಕ್' ಕೊಡಿ. ಒಂದಕ್ಕೊಂದು ಅಂಟಿದ ಸ್ವರಗಳು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗುತ್ತವೆ. ಅವಳ ಕೈಗೆ ಎರಡು ವಾರದಲ್ಲಿ ಬರುತ್ತದೆ. 1957ರ ಡಿಸೆಂಬರ್‌ನಲ್ಲಿ ಟಿವಿಗಾಗಿ ಮಂಕ್ ಇದನ್ನು ನುಡಿಸಿದ ದೃಶ್ಯ ಈಗಲೂ ನೋಡಲು ಸಿಗುತ್ತದೆ. ಪಿಯಾನೋದ ಆಚೆ ಬದಿಯಲ್ಲಿ, ಎದುರಿಗೇ, ಕೌಂಟ್ ಬೇಸಿ ಕುಳಿತಿದ್ದಾರೆ. ಅವರೇ ಒಬ್ಬ ದೊಡ್ಡ ಪಿಯಾನೋ ವಾದಕ, ಬ್ಯಾಂಡ್ ಮುಖ್ಯಸ್ಥ. ಬೇಸಿ ಮುಖ ನೋಡುತ್ತಿರಿ. ಮಂಕ್ ಒಂದೊಂದು ಪಕ್ಕದ ಕೀ ಒತ್ತಿದಾಗಲೂ ಆ ಮುಖ ಅರಳುತ್ತದೆ.

ಮಗಳು ನುಡಿಸುವಾಗ ನೀವೂ ಪಕ್ಕದಲ್ಲಿ ಕುಳಿತು ತಾಳ ಹಾಕಿ. ನಾಲ್ಕು ನಾಲ್ಕು ಮಾತ್ರೆ, ಹನ್ನೆರಡು ಆವರ್ತ, ಮತ್ತೆ ಮೊದಲಿಗೆ. ಅವಳು ಎಲ್ಲಿ ಬೇಕಾದರೂ ನಿಲ್ಲಲಿ, ನೀವು ಮಾತ್ರ ನಿಲ್ಲಿಸಬೇಡಿ. ಮೂರನೇ ಸುತ್ತಿನ ಹೊತ್ತಿಗೆ ಸಮ ಎಲ್ಲಿದೆ ಅಂತ ನಿಮ್ಮ ಕೈಗೇ ಗೊತ್ತಾಗುತ್ತದೆ.